ಮರುಭೂಮಿಯಲ್ಲಿ ಗರಿಕೆಯ ಹಾಸು

ಗಣಪತಿಯ ಪೂಜೆಗೆಂದು ನಾವು ಬೇಲಿಯ ಬದಿಯಲ್ಲಿ ಕಿತ್ತು ತರುವ ಗರಿಕೆಯನ್ನು ಹಣಕೊಟ್ಟು ಕೊಂಡು ನೆಡುವವರೂ ಉಂಟೆಂದರೆ ವಾಚಕರಿಗೆ ಸೋಜಿಗವಾದೀತು. ಅಮೆರಿಕದ ಅರಿಜೋನ ಸಂಸ್ಥಾನದ ಫೀನಿಕ್ಸ್ ನಗರವಿರುವುದು ಸೊನೋರ ಮರುಭೂಮಿಯಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಅಂಗುಲ. ಬೇಸಗೆಯಲ್ಲಿ ಶಾಖವು 43 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ದಿನಗಳು ಅನೇಕ. ಆದರೂ ಮನೆಯ ಮುಂದೆ ಹಸುರು ಹಾಸಿರಬೇಕೆಂಬ ಆಸೆ ಅಲ್ಲಿನ ಜನರನ್ನು ಬಿಟ್ಟಿಲ್ಲ. ಆ ಆಸೆಯನ್ನು ನಡೆಸಿಕೊಡುವ ‘ಬರ್ಮುಡ ಹುಲ್ಲು’ ನಮ್ಮ ಗರಿಕೆಯೇ.

ಶೀತದೇಶದ ಹುಲ್ಲುಗಳು ಅಲ್ಲಿ ಏಕೆ ಬಾಳವು? ಬಿಸಿಲು ಬಲಿತಂತೆ ಅವು ಇಂಗಾಲದ ಡೈ ಆಕ್ಸೈಡಿಗೆ ಬದಲಾಗಿ ಆಮ್ಲಜನಕವನ್ನೇ ಹಿಡಿಯತೊಡಗಿ, ತಯಾರಿಸಿದ ಆಹಾರದ ಒಂದು ಪಾಲನ್ನು ವ್ಯರ್ಥಮಾಡಿಕೊಳ್ಳುತ್ತವೆ. ಗರಿಕೆಯ ಉಪಾಯವೇ ಬೇರೆ. ಅದು ಆ ಅನಿಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ, ಎಲೆಯ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಒತ್ತಾಗಿ ಬಿಡುಗಡೆ ಮಾಡುತ್ತದೆ. ಹೀಗಾಗಿ ಪತ್ರರಂಧ್ರಗಳನ್ನು ಹೆಚ್ಚು ತೆರೆಯಬೇಕಾಗಿಲ್ಲ. ನೀರಿನ ಖರ್ಚೂ ಕಡಮೆ. ಆದರೆ ನೆರಳು ಮಾತ್ರ ಇದಕ್ಕೆ ಆಗದು.

ನೆಡುವ ಕಾಲ ಬೇಸಗೆಯೇ. ರಾತ್ರಿಯ ಶಾಖ 18 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಬೇರು ಬೇಗ ಹಿಡಿಯುತ್ತದೆ. ಅನೇಕ ಕಡೆ ನೆಲದಡಿಯಲ್ಲಿ ಸುಣ್ಣದಿಂದ ಬೆಸೆದ ಕಲ್ಲಿನಂಥ ಪದರವಿರುತ್ತದೆ. ಅದನ್ನು ಒಡೆಯದೆ ಹುಲ್ಲು ಹಾಸಿದರೆ ನೀರು ಇಂಗದೆ ಬೇರು ಕೊಳೆಯುತ್ತದೆ. ಮಣ್ಣುಸಹಿತ ಸುರುಳಿ ಸುತ್ತಿ ತಂದ ಹುಲ್ಲನ್ನು ಆ ದಿನವೇ ಹಾಸಬೇಕು; ಮರುದಿನಕ್ಕಿಟ್ಟರೆ ಸುರುಳಿಯೊಳಗೇ ಬೆಂದುಹೋದೀತು! ಮೊದಮೊದಲು ದಿನಕ್ಕೆ ಹಲವು ಸಲ ತೇವಗೊಳಿಸಬೇಕು. ಬೇರೂರಿದ ಮೇಲೆ ಬೆಳಗಿನ ಜಾವ, ಅರ್ಧ ಅಡಿಗಿಂತ ಆಳಕ್ಕಿಳಿಯುವಂತೆ, ದಿನ ಬಿಟ್ಟು ಕೊಡುವುದೇ ಮೇಲು. ನಿತ್ಯವೂ ಮೇಲೆ ಮೇಲೆ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ.

ಚಳಿಗಾಲದಲ್ಲಿ ಗರಿಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದು. ಅದು ಸಾವಲ್ಲ, ನಿದ್ರೆ. ಹಲವರು ಇದನ್ನು ಸಹಿಸದೆ ಅಕ್ಟೋಬರಿನಲ್ಲಿ ಅದರ ಮೇಲೆ ರೈ ಹುಲ್ಲನ್ನು ಬಿತ್ತಿ ಚಳಿಗಾಲವೆಲ್ಲ ನೀರುಣಿಸುತ್ತಾರೆ. ಕಣ್ಣಿನ ಸುಖಕ್ಕೆ ಇದು ದುಬಾರಿ ಬೆಲೆಯೆಂದೇ ನನ್ನ ಅಭಿಪ್ರಾಯ.

ಏಕೆಂದರೆ ಅಲ್ಲಿನ ನೀರಿನ ದೊಡ್ಡ ಆಸರೆಯಾದ ಕೊಲೊರಾಡೊ ನದಿಯೇ ಸೊರಗಿದೆ. ಅದೇ ನದಿಯನ್ನು ನಂಬಿರುವ ನೆರೆಯ ನೆವಾಡದ ಲಾಸ್ ವೇಗಸ್ ನಗರದಲ್ಲಿ, ಒಂದು ಚದರಡಿ ಹುಲ್ಲನ್ನು ತೆಗೆದು ಮರುಭೂಮಿಯ ಗಿಡಗಳನ್ನು ನೆಟ್ಟರೆ ವರ್ಷಕ್ಕೆ ಸುಮಾರು 208 ಲೀಟರು ನೀರು ಉಳಿಯುವುದೆಂದು ಅಲ್ಲಿನ ಜಲಾಡಳಿತದ ಲೆಕ್ಕ. ಕಚೇರಿಗಳ ಮುಂದೆ, ರಸ್ತೆಗಳ ನಡುವೆ, ಯಾರೂ ಕಾಲಿಡದೆ ಬರಿಯ ಶೋಭೆಗಾಗಿರುವ ಹುಲ್ಲಿಗೆ ನದಿಯ ನೀರು ಹಾಯಿಸುವುದನ್ನು 2027ರ ಆರಂಭದಿಂದ ನಿಷೇಧಿಸುವ ಕಾನೂನನ್ನು ನೆವಾಡ 2021ರಲ್ಲಿ ಮಾಡಿತು. ಒಂಟಿ ಮನೆಗಳ ಅಂಗಳಕ್ಕೂ ಮಕ್ಕಳಾಡುವ ಬಯಲಿಗೂ ಅದು ತಟ್ಟದು.