ಬೋರ್ಡ್ ಮೇಲೆ ಶೇ. 60 ಕನ್ನಡ: ಕಾನೂನು ಬಂದಿದ್ದು ಹೇಗೆ, ಅಂಗಡಿಯವರು ಮಾತಾಡಬೇಕಿದ್ದು ಯಾವಾಗ?

ಮಹದೇವಪುರ: ಅಂಗಡಿ ಬೋರ್ಡ್‌ನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೂಡಿಯ ಬೇಕರಿಯಿಂದ ವೈಟ್‌ಫೀಲ್ಡ್ ರಸ್ತೆಯ ಮಾಲ್‌ವರೆಗೆ ಈ ನಿಯಮ ಎಲ್ಲರಿಗೂ ಗೊತ್ತು. ಮಾಡಿದ್ದು ಯಾರು ಅಂತ ಕೇಳಿದರೆ ಮಾತ್ರ ‘ಬಿಬಿಎಂಪಿ’ ಅನ್ನುವವರೇ ಹೆಚ್ಚು. ಅದು ತಪ್ಪು. ಪಾಲಿಕೆ ನೋಟಿಸ್ ಕೊಟ್ಟಿತು ಅಷ್ಟೇ, ಕಾನೂನು ಮಾಡಿದ್ದು ವಿಧಾನಮಂಡಲ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಮೊದಲೇ ಇತ್ತು. 2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯವರು ಬೀದಿಗಿಳಿದರು. ಕೆಲವು ಕಡೆ ಇಂಗ್ಲಿಷ್ ಬೋರ್ಡ್‌ಗಳನ್ನು ಒಡೆದರು, ಅಧ್ಯಕ್ಷ ಟಿ.ಎ. ನಾರಾಯಣಗೌಡರ ಬಂಧನವೂ ಆಯಿತು. ಒಡೆದಿದ್ದಕ್ಕೆ ಕೇಸು ಬಿತ್ತು, ಆದರೆ ಬೇಡಿಕೆಗೆ ಸರ್ಕಾರ ಮಣಿಯಿತು. ಜನವರಿಯಲ್ಲೇ ಸಚಿವ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು.

ಸುಗ್ರೀವಾಜ್ಞೆ ಅಂದರೆ ಸದನ ನಡೆಯದೇ ಇರುವಾಗ ತುರ್ತಾಗಿ ತರುವ ಕಾನೂನು. ಅದಕ್ಕೆ ರಾಜ್ಯಪಾಲರ ಸಹಿ ಬೇಕು. ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತೆ. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಸಹಿ ಹಾಕಲಿಲ್ಲ. ಅಧಿವೇಶನ ಹತ್ತಿರದಲ್ಲೇ ಇದೆ, ಸದನದಲ್ಲೇ ಪಾಸು ಮಾಡಿಸಿ ಅಂತ ವಾಪಸ್ ಕಳಿಸಿದರು. ಹಾಗಾಗಿ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಮಸೂದೆಯಾಗಿ ಎರಡೂ ಸದನಗಳ ಮುಂದೆ ಬಂದು ಪಾಸಾಯಿತು.

ಅಂಗಡಿಯವರಿಗೆ ಮಾತಾಡಲು ಸಿಕ್ಕಿದ್ದ ಸಮಯ ಅದೇ. ಮಸೂದೆ ಸದನದಲ್ಲಿರುವಾಗ ಯಾವ ಶಾಸಕರಾದರೂ ತಿದ್ದುಪಡಿ ಸೂಚಿಸಬಹುದು. ಸಣ್ಣ ಅಂಗಡಿಗೆ ಹೆಚ್ಚು ಕಾಲಾವಕಾಶ ಬೇಕು, ಹೊಸ ಬೋರ್ಡ್ ಖರ್ಚು ಭಾರ ಅನ್ನುವ ಮಾತನ್ನು ಶಾಸಕರ ಕಚೇರಿಗೆ ಬರೆದು ಕೊಡಬೇಕಿದ್ದದ್ದು ಆಗ. ನೋಟಿಸ್ ಕೈಗೆ ಬಂದ ಮೇಲೆ ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಕಾನೂನು ಬದಲಿಸುವ ಅಧಿಕಾರ ಅವರಿಗಿಲ್ಲ. ಹೋಗಲಿ ಕಾರ್ಪೊರೇಟರ್‌ಗೆ ಹೇಳೋಣ ಅಂದರೆ, 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದಿತ್ತು. ನೋಟಿಸ್ ಬಂದಾಗ ವಾರ್ಡ್‌ಗೆ ಕಾರ್ಪೊರೇಟರೇ ಇರಲಿಲ್ಲ!

ಅದೇ ವರ್ಷ ಇನ್ನೊಂದು ಮಸೂದೆಯ ಕಥೆ ಬೇರೆಯೇ ಆಯಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಜುಲೈ 15ರಂದು ಸಂಪುಟ ಒಪ್ಪಿತ್ತು. ನಾಸ್ಕಾಂ ಮತ್ತು ಉದ್ಯಮಿಗಳು ವಿರೋಧಿಸಿದರು. 17ಕ್ಕೆ ಸರ್ಕಾರ ತಡೆಹಿಡಿಯಿತು. ಎರಡೇ ದಿನ! ಐಟಿ ಕಂಪನಿಗಳ ಮಾತು ಅಷ್ಟು ಬೇಗ ವಿಧಾನಸೌಧ ಮುಟ್ಟುತ್ತೆ. ಆ ಕಂಪನಿಗಳ ಗೇಟಿನಾಚೆ ಕೆಲಸಕ್ಕೆ ಕಾಯುವ ಹುಡುಗರ ಮಾತಿಗೆ, ಕಾಂಡಿಮೆಂಟ್ಸ್ ಅಂಗಡಿಯವರ ಮಾತಿಗೆ ಅಷ್ಟು ವೇಗ ಇಲ್ಲ. ಒಬ್ಬೊಬ್ಬರೇ ಹೋದರಂತೂ ಇಲ್ಲವೇ ಇಲ್ಲ. ವರ್ತಕರ ಸಂಘದ ಲೆಟರ್‌ಹೆಡ್‌ಗೆ ಇರುವ ಬೆಲೆ ಇದೇ.

ಕೆಲವು ಸಲ ಸರ್ಕಾರವೇ ಅಭಿಪ್ರಾಯ ಕೇಳುತ್ತೆ. ಬೆಂಗಳೂರನ್ನು ಐದು ಪಾಲಿಕೆ ಮಾಡುವ ಕರಡು 2025ರ ಜುಲೈನಲ್ಲಿ ಹೊರಬಿದ್ದಾಗ ಆಕ್ಷೇಪಣೆಗೆ 30 ದಿನ ಕೊಟ್ಟಿದ್ದರು. ಸೆಪ್ಟೆಂಬರ್ 2ರಂದು ಮಹದೇವಪುರ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಇಂಥ ಕರಡುಗಳು ರಾಜ್ಯಪತ್ರದಲ್ಲಿ ಬರುತ್ತವೆ, ಇ-ರಾಜ್ಯಪತ್ರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಓದಬಹುದು. ಆಕ್ಷೇಪಣೆ ಬರೆಯಲು ವಕೀಲರು ಬೇಕಿಲ್ಲ. ಯಾವ ಅಂಶ, ಯಾಕೆ ಬೇಡ, ಬದಲಿಗೆ ಏನು ಬೇಕು ಅಂತ ಒಂದು ಪುಟ ಬರೆದರೆ ಸಾಕು. ಕೊಟ್ಟ ಮೇಲೆ ಇನ್ನೊಂದು ಪ್ರತಿಗೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬಾರದು.