ಹಂಪಿಯ ಬೋರಲು ಗೋಪುರ ಮರದ ಡಬ್ಬಿಯೊಳಗೆ!

ಗೊರೇಬಾಳದ ಕಡೆಯಿಂದ ಗಂಗಾವತಿ ಹಾದಿ ಹಿಡಿದು ಹಂಪಿಗೆ ಹೋಗಿ ಬಂದವರನ್ನು ಕೇಳಿ ನೋಡಿ. "ಗುಡಿ ಹಿಂದಿನ ಕತ್ತಲ ಕೋಣ್ಯಾಗ ಗೋಪುರ ತಲಿ ಕೆಳಗ ಮಾಡಿ ನಿಂತೈತ್ರೀ!" ಎನ್ನುತ್ತಾರೆ. ವಿರೂಪಾಕ್ಷನ ಮಹಿಮೆ ಎಂದು ಕೈ ಮುಗಿಯುವವರೂ ಉಂಟು. ಮುಗಿಯಲಿ, ತಪ್ಪೇನಿಲ್ಲ. ಆದರೆ ಅದೇ ಮಹಿಮೆಯನ್ನು ಒಂದು ಮರದ ಡಬ್ಬಿಯಲ್ಲಿ ಹಿಡಿಯಬಹುದು ಎಂಬುದೂ ಸುಳ್ಳಲ್ಲ.

ಬೆಳಕು ನೆಟ್ಟಗೆ ಹರಿಯುತ್ತದೆ. ಸಣ್ಣ ತೂತಿನಲ್ಲಿ ನುಗ್ಗುವಾಗ ಮೇಲಿನ ಬೆಳಕು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಚಿತ್ರ ಬೋರಲು! ಶಾಲೆಯ ಪುಸ್ತಕದಲ್ಲಿ ಇದೇ 'ಸೂಜಿರಂಧ್ರ ಕ್ಯಾಮರಾ'. ಇದಕ್ಕೆ ಗಾಜಿನ ಕಣ್ಣಿಲ್ಲ, ಬ್ಯಾಟರಿ ಇಲ್ಲ. ಒಳಗೆ ಕಪ್ಪು ಬಳಿದ ಮರದ ಪೆಟ್ಟಿಗೆ, ಮುಂದೆ ತೆಳು ತಗಡು, ತಗಡಿಗೆ ಸೂಜಿಮೊನೆಯ ತೂತು, ತೂತಿಗೊಂದು ಮುಚ್ಚಳ. ಇಷ್ಟೇ ಸಂಸಾರ. ತೂತಿನಿಂದ ಫಿಲ್ಮಿಗೆ 50 ಮಿಲಿಮೀಟರ್ ದೂರವಿದ್ದರೆ ತೂತು 0.3 ಮಿಲಿಮೀಟರ್ ಇರಬೇಕು. ದೊಡ್ಡದಾದರೆ ಚಿತ್ರ ಮಸಕು; ತೀರ ಸಣ್ಣದಾದರೂ ಮಸಕೇ.

ಇನ್ನು ರೀಲು ಹಾಕುವ ಕೆಲಸ. ಎಡವುವುದು ಇಲ್ಲೇ. 120 ನಂಬರಿನ ರೀಲನ್ನು ಬಿಸಿಲಲ್ಲಿ ಬಿಚ್ಚಬಾರದು, ನೆರಳಿಗೆ ಹೋಗಬೇಕು. ಹಿಂಬದಿಯ ಕಾಗದದ ನಾಲಿಗೆಯನ್ನು ಖಾಲಿ ಸುರುಳಿಯ ಸೀಳಿಗೆ ಸಿಕ್ಕಿಸಿ, ಬಿಗಿಯಾಗುವವರೆಗೆ ಸುತ್ತಬೇಕು. ಅಂಕಿ ಬರೆದ ಮೈ ಹಿಂದಕ್ಕೇ ಇರಬೇಕು. ತಿರುಗಾಮುರುಗಾ ಆದರೆ ಕಾಗದ ಅಡ್ಡ ಬಂದು ಫಿಲ್ಮಿಗೆ ಬೆಳಕೇ ತಾಗದು! ಮುಚ್ಚಳ ಹಾಕಿ, ಬಿರುಕಿಲ್ಲವೆಂದು ನೋಡಿ, ಹಿಂದಿನ ಕೆಂಪು ಕಿಂಡಿಯಲ್ಲಿ '1' ಕಾಣುವವರೆಗೆ ತಿರುಗಿಸಬೇಕು. ಚೌಕ ಚಿತ್ರವಾದರೆ ಸಿಗುವುದು ಹನ್ನೆರಡೇ. ನಡುವೆ "ಹ್ಯಾಂಗ ಬಂದೈತಿ ನೋಡೋಣು" ಎಂದು ಮುಚ್ಚಳ ತೆರೆದವರ ರೀಲು ಗೋವಿಂದ.

ತೆಗೆಯುವುದು ತಾಳ್ಮೆಯ ಬಾಬತ್ತು. ನೂರರ ವೇಗದ ಫಿಲ್ಮಿಗೆ ನಮ್ಮ ರಾಯಚೂರು ಸೀಮೆಯ ನಡುಮಧ್ಯಾಹ್ನದ ಬಿಸಿಲಲ್ಲಿ ಒಂದೆರಡು ಸೆಕೆಂಡು ಸಾಕು. ನೆರಳಲ್ಲಿ ಹದಿನೈದು, ಇಪ್ಪತ್ತು ಬೇಕಾದೀತು. ಡಬ್ಬಿಯನ್ನು ಕಲ್ಲಿನ ಮೇಲೆ ಅಲುಗದಂತೆ ಕೂರಿಸಬೇಕು. ಕೈಯಲ್ಲಿ ಹಿಡಿದರೆ ಕೆಟ್ಟಿತು. ಅಜ್ಜನನ್ನು ಕಟ್ಟೆಯ ನೆರಳಿಗೆ ಕೂಡಿಸಿದರೆ "ಅಜ್ಜಾ, ಸ್ವಲ್ಪ ಹಂಗ ಕುಂದರು" ಎಂದು ಬೇಡಿಕೊಳ್ಳಬೇಕು. ಎದುರಿಗೆ ನಡೆದು ಹೋದವರು ಚಿತ್ರದಲ್ಲಿ ಮಾಯ. ಕಲ್ಲಿಗೆ ಈ ಕಾಟವಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನದ ಬಂಡೆಯಂಥದು ಈ ಡಬ್ಬಿಗೆ ಹೇಳಿ ಮಾಡಿಸಿದ ಗಿರಾಕಿ!

ತೊಂದರೆ ಇರುವುದು ರೀಲಿನದು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ದೇಶದ್ದೇ ಫಿಲ್ಮು ಮಾಡುತ್ತಿತ್ತು. ಅದು ಬಾಗಿಲು ಹಾಕಿದೆ. ಈಗ ಬರುವುದೆಲ್ಲ ಪರದೇಶದ ಮಾಲು, ಬೆಲೆಯೂ ಹಾಗೇ. ಒಂದೊಂದು ಚಿತ್ರಕ್ಕೂ ಲೆಕ್ಕ ಹಾಕಬೇಕು. ಎಷ್ಟು ಸೆಕೆಂಡು, ಎಂಥ ಬಿಸಿಲು ಎಂದು ಬರೆದಿಟ್ಟವನಿಗೆ ಎರಡನೇ ರೀಲಿನಲ್ಲಿ ನಷ್ಟ ಕಡಿಮೆ.

ರೀಲಿಗೆ ಕಾಸಿಲ್ಲದ ಶಾಲೆಗಳು ಸುಮ್ಮನೆ ಕೂಡಬೇಕಿಲ್ಲ. ರಟ್ಟಿನ ಡಬ್ಬಿಗೆ ತೂತು ಕೊರೆದು, ಎದುರು ಬದಿಗೆ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ, ತಲೆಗೆ ಕಂಬಳಿ ಹೊದ್ದು ನೋಡಿದರೆ ಅಂಗಳದ ಬೇವಿನ ಮರ ಬೋರಲಾಗಿ ಕಾಣುತ್ತದೆ. ಹುಡುಗರು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಆ ಪಾಠ ಒಮ್ಮೆ ಹೀಗೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ. ಮೇಷ್ಟ್ರುಗಳು ಮನಸ್ಸು ಮಾಡಬೇಕು, ಅಷ್ಟೆ.