ಹೆಣಿಗೆ, ಕೌದಿ ಮತ್ತು ಹಿತ್ತಲ ತರಕಾರಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಹಲವು ಊರುಗಳ ಸಂಸ್ಕಾರಗಳು ಬೆರೆತಿವೆ. ರೈಲ್ವೆ ನೌಕರಿಯನ್ನರಸಿ ಬಂದು ನೆಲೆನಿಂತ ಗೋವೆಯ ಹಾಗೂ ತಮಿಳು ಮೂಲದ ಮನೆತನಗಳು, ಮಂಗಳೂರಿನ ಕಡೆಯಿಂದ ಬಂದವರು, ಈ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದವರು, ಎಲ್ಲರೂ ಒಂದೇ ದೇವಾಲಯದ ಅಂಗಳದಲ್ಲಿ ಸೇರುತ್ತಾರೆ. ಭಾಷೆ, ಅಡುಗೆಗಳಲ್ಲಿ ಭೇದವಿದ್ದರೂ ಈ ಮನೆಗಳ ಹಿರಿಯ ಮಹಿಳೆಯರಲ್ಲಿ ಒಂದು ಸಾಮ್ಯವನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಅವರ ಕೈ ಬರಿದಾಗಿ ಇರುವುದಿಲ್ಲ. ಉಲ್ಲನ್ ಉಂಡೆ, ಕೌದಿಯ ಸೂಜಿ, ಇಲ್ಲವೇ ಹಿತ್ತಲಿನ ಕುರುಪಿ, ಯಾವುದಾದರೊಂದು ಅಲ್ಲಿರುತ್ತದೆ.

ಇವನ್ನು ಹವ್ಯಾಸಗಳೆಂದು ಕರೆಯುವುದು ವಾಡಿಕೆ. ಆ ಪದ ನಮಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಪುರುಷರು ಅಂಚೆಚೀಟಿ ಸಂಗ್ರಹಿಸಿದರೆ ಅದು ಹವ್ಯಾಸ ಸರಿ. ಆದರೆ ಮನೆಮಂದಿಗೆ ಹೊದಿಕೆ, ಅಂಗಿ, ಪಲ್ಯಗಳನ್ನು ಒದಗಿಸುವ ದುಡಿಮೆಗೂ ಅದೇ ಹೆಸರೇ?

ಮೂರನ್ನೂ ಒಟ್ಟಿಗೆ ಹೇಗೆ ನಿಭಾಯಿಸುತ್ತೀರಿ ಎಂದು ಕಿರಿಯರು ಕೇಳುವುದುಂಟು. ಒಟ್ಟಿಗೆ ನಿಭಾಯಿಸುವುದಿಲ್ಲ ಎಂಬುದೇ ಅದರ ಗುಟ್ಟು. ಈ ಭಾಗದ ಋತುಮಾನವೇ ಕೆಲಸವನ್ನು ಹಂಚಿಕೊಟ್ಟಿದೆ. ಮಿರಗದ ಮಳೆಯಿಂದ ದಸರೆಯವರೆಗೆ ಹಿತ್ತಲು; ಚಳಿ ಕಾಲಿಡುವ ಮುನ್ನ ಹೆಣಿಗೆ; ನೀರು ಕಡಿಮೆಯಾಗಿ ಹಿತ್ತಲು ಬಣಗುಡುವ ಬೇಸಿಗೆಯಲ್ಲಿ ಕೌದಿ. ದಿನದ ಲೆಕ್ಕದಲ್ಲಿಯೂ ಹಾಗೆಯೇ. ಗಿಡಕ್ಕೆ ಬೆಳಗು, ಸಂಜೆ ಬೇಕು. ಹೆಣಿಗೆಯಾದರೋ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಕುಳಿತ ಸುಮಾರು ಇಪ್ಪತ್ತು ಕಿಲೋಮೀಟರಿನ ಅವಧಿಯಲ್ಲಿ ಹತ್ತು ಸಾಲು ಮುಂದುವರಿಯುತ್ತದೆ. ಕೌದಿಗೆ ಮಾತ್ರ ವಿಶಾಲವಾದ ನೆಲ ಬೇಕು, ಜೊತೆಗೆ ಕುಳಿತುಕೊಳ್ಳುವವರು ಬೇಕು.

ಕೌದಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಓಟದ ಹೊಲಿಗೆ ಹಾಕಿದರೆ ಕೌದಿ. ನಾಲ್ಕು ಮೂಲೆಗೆ ನಾಲ್ವರು ಕುಳಿತರೆ ಹೊಲಿಗೆಯೊಡನೆ ಮಾತೂ ಸಾಗುತ್ತದೆ. ಓಣಿಯ ಅರ್ಧ ವ್ಯಾಜ್ಯಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ ಎಂದರೆ ಉತ್ಪ್ರೇಕ್ಷೆಯೇನಲ್ಲ. ಬಟ್ಟೆಯನ್ನು ಮೊದಲೇ ಚೆನ್ನಾಗಿ ಒಗೆದು ಗಂಜಿ ತೆಗೆದಿರಬೇಕು, ಇಲ್ಲವಾದರೆ ಮೊದಲ ತೊಳೆತಕ್ಕೇ ಒಂದು ಪದರ ಕುಗ್ಗಿ ಕೌದಿ ಸುಕ್ಕಾಗುತ್ತದೆ. ಹತ್ತಿಯ ಜೊತೆ ನೈಲಾನ್, ಪಾಲಿಯೆಸ್ಟರ್ ಸೇರಿಸಬಾರದು. ಅವು ಪದರದೊಳಗೆ ಜಾರುತ್ತವೆ, ಬೆವರನ್ನು ಹೀರುವುದಿಲ್ಲ.

ತೊಡಕು ಇರುವುದೂ ಇಲ್ಲಿಯೇ. ದಿನಬಳಕೆಗೆ ಸಿಂಥೆಟಿಕ್ ಸೀರೆಗಳು ಬಂದ ಮೇಲೆ ಮೆತ್ತಗಾದ ಹಳೆಯ ಹತ್ತಿ ಸೀರೆ ಪೆಟ್ಟಿಗೆಯ ತಳದಲ್ಲಿಯೂ ಸಿಗದಂತಾಗಿದೆ. ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದ ಹೆಣ್ಣುಮಕ್ಕಳು "ಯಕ್ಕಾ, ಹಳೇ ಸೀರಿ ಅದಾವೇನ್ರಿ?" ಎಂದು ಬಾಗಿಲಲ್ಲಿ ನಿಲ್ಲುವುದು ಅಪರೂಪವಾಗಿದೆ. ಪಾಣಿಪತ್ತಿನ ಗಿರಣಿ ಕಂಬಳಿಗಳು ಅಗ್ಗವಾಗಿ ದೊರೆಯುತ್ತವೆ. ಹೊಸ ಬಟ್ಟೆ ಕೊಂಡು ಕತ್ತರಿಸಿ ಕೌದಿ ಮಾಡುವುದು ಈಗಿನ ಪದ್ಧತಿ. ನೋಡಲು ಚೆಂದವೇ, ಆದರೆ ಹುಟ್ಟಿದ ಕೂಸಿನ ಮೈಗೆ ಅಜ್ಜಿಯ ಸವೆದ ಸೀರೆಯ ಮೃದುತ್ವ ಅದರಿಂದ ಬರುವುದಿಲ್ಲ.

ಧಾರವಾಡದಿಂದ ಪಶ್ಚಿಮಕ್ಕೆ ಒಂದೆರಡು ತಾಸು ಪಯಣಿಸಿದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ಈ ಕಲೆಯ ಇನ್ನೊಂದು ರೂಪ ಕಾಣಸಿಗುತ್ತದೆ. ಅಲ್ಲಿಯ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕದಿಂದ ಬಂದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು ಇರುವಂತೆ ಕಥೋಲಿಕರೂ ಇದ್ದಾರೆ, ನಮ್ಮದೇ ಬಂಧುಗಳು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಕವಂದ ಎಂದು ಹೆಸರು. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅವರ ಕ್ರಮ. ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನ ತುಂಡುಗಳಿಂದ 'ಫೂಲ' ಇಡುತ್ತಾರೆ. ಅದಿಲ್ಲದ ಕವಂದ ಅವರ ಕಣ್ಣಿಗೆ ಬೆತ್ತಲೆ. ಕಥೋಲಿಕ ಮಹಿಳೆಯರ ಕವಂದಗಳಲ್ಲಿ ಶಿಲುಬೆಯೂ, ಮುಸಲ್ಮಾನರಲ್ಲಿ ಅರ್ಧಚಂದ್ರವೂ ಮೂಡುವುದುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಇವುಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಅಮೆರಿಕದಲ್ಲಿ ಪ್ರದರ್ಶನಗಳೂ ನಡೆದವು.

ನಮಗೆ ಬಿಡುವಿನ ಕೆಲಸವಾದದ್ದು ಅವರಿಗೆ ಕೂಲಿ ಇಲ್ಲದ ದಿನದ ಆದಾಯವೂ ಆಗಬಲ್ಲದು. ಆದ್ದರಿಂದ ಮಾರಾಟ ಮಳಿಗೆಗಳಲ್ಲಿ ಕವಂದ ಕಂಡಾಗ, "ಇದು ಹಳೇ ಬಟ್ಟೆ ಅಲ್ಲೇನ್ರಿ" ಎಂದು ಚೌಕಾಸಿ ಮಾಡುವ ನಮ್ಮವರ ರೀತಿ ನಮಗೆ ಸರಿಕಾಣುವುದಿಲ್ಲ. ಒಂದು ಕೌದಿಯ ಹಿಂದೆ ಎಷ್ಟು ಮಧ್ಯಾಹ್ನಗಳಿವೆ ಎಂಬುದನ್ನು ಸೂಜಿ ಹಿಡಿದವರು ಬಲ್ಲರು. ನಾವು ಬಲ್ಲೆವು.

ಹೆಣಿಗೆಯ ಮಾತು ಚಿಕ್ಕದು. ಸೀದಾ, ಉಲ್ಟಾ ಎಂಬ ಎರಡೇ ಕುಣಿಕೆಗಳ ವಿದ್ಯೆ ಅದು. ಅದರಿಂದ ಹಣ ಉಳಿತಾಯವಾಗುತ್ತದೆ ಎಂದು ಮಾತ್ರ ಯಾರೂ ಭ್ರಮಿಸಬೇಕಾಗಿಲ್ಲ. ಚಳಿಗಾಲಕ್ಕೆ ಟಿಬೇಟಿಯನ್ನರು ಅಂಗಡಿ ಹಾಕಿ ಮಾರುವ ಸ್ವೆಟರಿಗಿಂತ ಒಳ್ಳೆಯ ಉಲ್ಲನ್‌ನ ಬೆಲೆಯೇ ಹೆಚ್ಚಾಗಬಹುದು. (ಈ ನಿರಾಶ್ರಿತರಿಗೆ ಮುಂಡಗೋಡದಲ್ಲಿ ವಸತಿ ದೊರೆತದ್ದು 1966ರಲ್ಲಿ.) ಮೊದಲು ಹತ್ತು ಸೆಂಟಿಮೀಟರ್ ಅಗಲದ ತುಣುಕು ಹೆಣೆದು ಕುಣಿಕೆ ಎಣಿಸಿ, ಆಮೇಲೆ ಅಳತೆ ಹಿಡಿಯಿರಿ. ಮಕ್ಕಳ ಸ್ವೆಟರಿನ ತೋಳನ್ನು ಎರಡು ಬೆರಳು ಉದ್ದ ಬಿಟ್ಟು ಮಡಿಸಿದರೆ ಮರುವರ್ಷಕ್ಕೂ ಆದೀತು.

ಹಿತ್ತಲಿಗೆ ಬಂದರೆ ಪ್ರಶ್ನೆ ನೀರಿನದು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆ ಇಷ್ಟು ದೂರ ಬರುತ್ತಾಳಾದರೂ, ನಲ್ಲಿಗೆ ನೀರು ಬಿಡುವ ದಿನವನ್ನು ಎದುರುನೋಡುವ ಬದುಕು ಇಲ್ಲಿಯ ಗೃಹಿಣಿಯರಿಗೆ ದಶಕಗಳಿಂದ ಪರಿಚಿತ. ದಿನದ 24 ತಾಸೂ ನೀರು ಕೊಡುವ ಯೋಜನೆ ಪ್ರಾಯೋಗಿಕವಾಗಿ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಬಂದಿತು. ಕೊಡ ಎಣಿಸಿ ಬದುಕುವ ಮನೆಯಲ್ಲಿ ಗಿಡಕ್ಕೆ ಶುದ್ಧ ನೀರು ಹಾಕಲು ಮನಸ್ಸೊಪ್ಪದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ನಾಲ್ಕಾರು ಬದನೆ, ಮೆಣಸಿನ ಗಿಡಗಳು ಬದುಕುತ್ತವೆ. ಬುಡಕ್ಕೆ ಒಣಗಿದ ಎಲೆಯ ಹೊದಿಕೆ ಹಾಕಿದರೆ ತೇವ ಆರುವುದು ತಡವಾಗುತ್ತದೆ.

ಹುಬ್ಬಳ್ಳಿಯ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಗೊಬ್ಬರದೊಡನೆ ಒಂದಿಷ್ಟು ಮರಳು ಬೆರೆಸಿದರೆ ಸಡಿಲವಾದೀತು. ಧಾರವಾಡದ ಪಶ್ಚಿಮದ ಕೆಂಪು ಮಣ್ಣಿನವರಿಗೆ ಈ ಕಷ್ಟವಿಲ್ಲ, ಆದರೆ ಅವರು ನೀರು ಹೆಚ್ಚು ಹಾಕಬೇಕು. ಹುಳದ ಬಾಧೆಗೆ ಬೇವಿನ ಬೀಜದ ಪುಡಿ ಲೀಟರ್ ನೀರಿಗೆ 50 ಗ್ರಾಮಿನಂತೆ ರಾತ್ರಿಯಿಡೀ ನೆನೆಸಿ, ಸೋಸಿ, ಮರುದಿನ ಸಂಜೆಯ ಹೊತ್ತು ಸಿಂಪಡಿಸಬೇಕು. ಮೆಂತ್ಯೆಯನ್ನು ಒಮ್ಮೆಲೇ ಬಿತ್ತದೆ ಹದಿನೈದು ದಿನಕ್ಕೊಮ್ಮೆ ಒಂದು ಸಾಲು ಹಾಕಿದರೆ ರೊಟ್ಟಿಗೆ ಹಸಿ ಸೊಪ್ಪು ತಪ್ಪದು.

ಮಂಗಳೂರು ಮೂಲದ ಮನೆಗಳಿಗೆ ಇನ್ನೊಂದು ಲೆಕ್ಕಾಚಾರವಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟ ಸಸ್ಯಾಹಾರ. ತರಕಾರಿಯ ಬಗೆಗಳು ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯಲ್ಲಿರಬೇಕು. ಅಂದು ಮಾರುಕಟ್ಟೆಯನ್ನು ನೆಚ್ಚಿದರೆ ಕೈಚೀಲ ಹಗುರ, ಬಿಲ್ಲು ಭಾರ. ಜೂನ್ ಎರಡನೆಯ ವಾರ ಹೀರೆ, ಸೌತೆ; ಜುಲೈ ಮಧ್ಯದಲ್ಲಿ ಬೆಂಡೆ; ಆಗಸ್ಟ್ ಮೊದಲ ವಾರ ಹರಿವೆ ಬಿತ್ತಿದರೆ ಹಬ್ಬದ ಹೊತ್ತಿಗೆ ಎಲ್ಲವೂ ಕೈಗೆ ಬರುತ್ತವೆ. ಬದನೆಯನ್ನು ಮೇ ಕೊನೆಗೇ ಸಸಿ ಮಾಡಿಟ್ಟುಕೊಳ್ಳಬೇಕು. ಬೇಸಿಗೆಯ ಕೌದಿ ಅಷ್ಟರೊಳಗೆ ಮುಗಿದಿರಲಿ. ಮಳೆ ಹಿಡಿದ ಮೇಲೆ ಅದನ್ನು ತೊಳೆದರೆ ವಾರವಾದರೂ ಒಣಗುವುದಿಲ್ಲ.